ಲಾರಿಯಲ್ಲಿ ಬಂದ ವಾರ್ಡು

ಫೆಬ್ರುವರಿ 3, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿ ಆಗಲೇ ಆಕಳಿಸುತ್ತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಕೂತಿರುವ ಬುದ್ಧಿವಂತರೇ, ಹಾಗೂ ನನ್ನ ಮಾತು ಕೇಳದೆ ಬೇರೆ ಗತಿಯಿಲ್ಲದ ಮಹಾಜನಗಳೇ,

ಇಪ್ಪತ್ತು ವರ್ಷ ಇಟ್ಟಿಗೆ, ಮರಳು, ಗಾರೆಗಳ ನಡುವೆ ಮಾನವಾಗಿ ಬಾಳಿದ ಈ ಸೂಪರ್‌ವೈಸರ್ ಇಂದಿನಿಂದ ಕುಲಗೆಟ್ಟಿದ್ದಾನೆಂದು ತಿಳಿಸಲು ವಿಷಾದಿಸುತ್ತೇನೆ. ನಮ್ಮೂರ ಆಸ್ಪತ್ರೆಗೆ ಡಯಾಲಿಸಿಸ್ ವಾರ್ಡು ಬರುತ್ತಿದೆ. ಗಮನಿಸಬೇಕು, ಕಟ್ಟುತ್ತಿಲ್ಲ, ಬರುತ್ತಿದೆ. ಹೆದ್ದಾರಿಯ ಪಕ್ಕದ ಕಾರ್ಖಾನೆಯೊಂದರಲ್ಲಿ ನೆಲ, ಸೂರು, ದೀಪ, ನಲ್ಲಿ ಸಮೇತ ಕೋಣೆಗಳನ್ನೇ ತಯಾರಿಸಿ, ಲಾರಿಗೆ ಹೇರಿ ತಂದು, ಕ್ರೇನಿನಲ್ಲಿ ಎತ್ತಿ ಇಡುತ್ತಾರಂತೆ. ಎಂಟು ಪೆಟ್ಟಿಗೆ ಸೇರಿದರೆ ಒಂದು ವಾರ್ಡು. ನಮ್ಮ ಪಾಲಿಗೆ ಪಾಯ ಮಾತ್ರ.

ಇಟ್ಟಿಗೆ ಬಿಟ್ಟು ಪೆಟ್ಟಿಗೆ ಹಿಡಿದೆ,
ಇದ್ದ ಮರ್ಯಾದೆ ಒಟ್ಟಿಗೆ ಕಳೆದೆ.

ಕಾಲೇಜಿನಲ್ಲಿ ನಮ್ಮ ಭಾಷೆಯಲ್ಲೇ ಓದಿ ಪದವಿ ಪಡೆದು, ವಂದನಾರ್ಪಣೆಗಳನ್ನೆಲ್ಲ ಪ್ರಾಸದಲ್ಲಿ ಮಾಡಿದವನು ನಾನು. ಚಟ ಹೋಗಿಲ್ಲ. ನನ್ನ ಮೇಸ್ತ್ರಿ ಓದಿದವನಲ್ಲ, ಆದರೆ ವ್ಯಂಗ್ಯದಲ್ಲಿ ಡಾಕ್ಟರೇಟು ಮಾಡಿದ್ದಾನೆ. “ಕೋಣೆನ ಲಾರೀಲಿ ತರ್ತಾರಂತೆ. ನಾಳೆ ಸೂರ್ಯನ್ನ ಆಟೋದಲ್ಲಿ ತರ್ತಾರೆ” ಎಂದ. ಏಪ್ರಿಲ್ ಕೊನೆಗೆ ವಾರ್ಡು ಸಿದ್ಧ ಎಂದು ಕಂಪನಿಯವರು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾವು ಕಟ್ಟಿದ್ದರೆ ಮುಂದಿನ ಏಪ್ರಿಲ್ಲಿಗೂ ಗಿಲಾವು ಒಣಗುತ್ತಿರಲಿಲ್ಲ.

ಮನೆಗೆ ಬಂದು ಇದನ್ನೇ ತಮಾಷೆಯಾಗಿ ಹೇಳಿದೆ. ಹೆಂಡತಿ ನಕ್ಕಳು. ಅಕ್ಕ ನಗಲಿಲ್ಲ. “ಏಪ್ರಿಲ್ ಅಂದ್ರಾ?” ಎಂದು ಎರಡು ಸಲ ಕೇಳಿದಳು.

ಫೆಬ್ರುವರಿ 8, ಶನಿವಾರ

ಬುಧವಾರ, ಶನಿವಾರ ನನಗೆ ಬಸ್ಸಿನ ದಿನಗಳು. ಭಾನುವಾರ ದುಡಿದು ಅದನ್ನು ಸರಿದೂಗಿಸುತ್ತೇನೆ. ಅಕ್ಕನ ಕಿಡ್ನಿಗಳು ಕೆಲಸ ಬಿಟ್ಟು ಎರಡು ವರ್ಷವಾಯಿತು. ಅವು ಬಿಟ್ಟ ಮೇಲೂ ಅಕ್ಕ ಆರು ತಿಂಗಳು ಕೆಲಸಕ್ಕೆ ಹೋದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಕೊರಳಲ್ಲಿ ಈಗ ಸೀಟಿ ಇಲ್ಲ, ಮಾತಿನಲ್ಲಿದೆ. ನಮ್ಮ ಮನೆಯಲ್ಲೇ ಇದ್ದಾಳೆ.

ರಕ್ತ ತೊಳೆಯುವ ಯಂತ್ರ ಇರುವುದು ನಗರದಲ್ಲಿ. ಹೋಗಲು ಮೂರು ಗಂಟೆ, ಯಂತ್ರಕ್ಕೆ ನಾಲ್ಕು, ಬರಲು ಮತ್ತೆ ಮೂರು. ಹೋಗುವಾಗ ಊದಿಕೊಂಡಿರುತ್ತಾಳೆ. ಬರುವಾಗ ಹಿಂಡಿ ಒಗೆದ ಬಟ್ಟೆಯಂತೆ ನನ್ನ ಭುಜದ ಮೇಲೆ ಬಿದ್ದುಬಿಡುತ್ತಾಳೆ. ಅಕ್ಕನ ತಲೆ ಭಾರ. ಭಾನುವಾರವಿಡೀ ನನಗೆ ಭುಜ ನೋವು. ಆ ಬಸ್ಸೋ, ಅದರ ಸ್ಪ್ರಿಂಗುಗಳು ಯಾವ ಕಾಲದಲ್ಲೋ ರಾಜೀನಾಮೆ ಕೊಟ್ಟಿವೆ.

ಕುಡಿಯುವ ನೀರೂ ಅವಳಿಗೆ ಅಳತೆಯಲ್ಲೇ. ಬಾಯಾರಿದಾಗ ಫ್ಲಾಸ್ಕಿನಿಂದ ಒಂದು ಐಸ್ ಚೂರು ತೆಗೆದು ಬಾಯಿಗಿಟ್ಟುಕೊಳ್ಳುತ್ತಾಳೆ. ಅದು ಕರಗುವ ತನಕ ಮಾತಿಲ್ಲ. ಇಂದು ಕರಗಿದ ಮೇಲೆ ಹೇಳಿದಳು:

“ಏಪ್ರಿಲ್ ಮುಗಿಯೋ ತನಕ ಈ ಬಸ್ಸು ಹತ್ತುತೀನಿ. ಆಮೇಲೆ ಇಲ್ಲ.”

ಆಮೇಲೆ ವಾರ್ಡು ನಮ್ಮೂರಲ್ಲೇ ಇರುತ್ತದಲ್ಲ ಎಂದೆ.

“ಇದ್ರೆ ಹೋಗ್ತೀನಿ. ಇಲ್ದಿದ್ರೆ ಮನೇಲಿರ್ತೀನಿ. ನಿಮ್ಮನ್ನೆಲ್ಲ ನೋಡ್ಕೊಂಡು ಎರಡು ವಾರ ಆರಾಮಾಗಿ ಇದ್ದು ಹೋಗ್ತೀನಿ. ಡಾಕ್ಟರನ್ನ ಕೇಳಿದೀನಿ, ಅಷ್ಟೇ ಅಂತೆ.”

ನಗರದಲ್ಲೇ ಮನೆ ಮಾಡೋಣ ಎಂದು ಹಳೆಯ ರಾಗ ತೆಗೆದೆ. ನಿನ್ನ ಸಂಸಾರ ಕಿತ್ತು ತಂದು ನನ್ನ ಹಾಸಿಗೆ ಸುತ್ತ ನೆಡಬೇಡ ಎಂದು ಹಳೆಯ ಉತ್ತರ ಕೊಟ್ಟಳು. ಹೆದರಿಸುತ್ತಿಲ್ಲ ಅವಳು. ಶಾಲೆಯಲ್ಲಿ ಇಷ್ಟು ಸುತ್ತು ಓಡಿ ಎಂದರೆ ಅಷ್ಟೇ ಸುತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಾನು ನಕ್ಕ ಪೆಟ್ಟಿಗೆಗಳು ಈಗ ಸಮಯಕ್ಕೆ ಸರಿಯಾಗಿ ಬರಬೇಕು. ಮೂಗು ಹಿಡಿದಾದರೂ ಅವಕ್ಕೆ ನಮಸ್ಕಾರ.

ಫೆಬ್ರುವರಿ 13, ಗುರುವಾರ

ಕಂಪನಿಯ ಇಂಜಿನಿಯರ್ ಬಂದರು. ನನ್ನ ಹೆಂಡತಿಯ ತಂಗಿಯಷ್ಟು ವಯಸ್ಸು. ಹೆಗಲಿಗೊಂದು ಮೂರುಕಾಲಿನ ಯಂತ್ರ, ಬಾಯಿಗೊಂದು ಪದ: ಮಿಲಿಮೀಟರ್. ಪಾಯದಿಂದ ಮೇಲಕ್ಕೆ ಬೋಲ್ಟುಗಳು ನಿಂತಿರಬೇಕು, ಪೆಟ್ಟಿಗೆಯ ತಳದ ತೂತುಗಳು ಅವುಗಳ ಮೇಲೆ ಬಂದು ಕೂರಬೇಕು, ಮೂರು ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಆಗಬಾರದು.

ಮೂರು ಮಿಲಿಮೀಟರ್ ತನ್ನ ಕಣ್ಣಿನ ಪಿಸುರಲ್ಲೇ ಇರುತ್ತದೆ ಎಂದು ಮೇಸ್ತ್ರಿ ಗೊಣಗಿದ. ಅವರು ಕೇಳಿಸಿಕೊಂಡರು. ಮುಖ ತೊಳೆದುಕೊಂಡು ಬನ್ನಿ, ಕಾಯ್ತೀನಿ ಎಂದರು. ಆ ಗಳಿಗೆಯಿಂದ ಅವರು ನಮಗೆ ಮಿಲಿಮೀಟರ್ ಮೇಡಂ.

ದೊಡ್ಡ ಡಾಕ್ಟರು ಬಂದು ನಕ್ಷೆ ನೋಡಿ, ಈ ಬಾಗಿಲು ಆ ಕಡೆಗಿದ್ದರೆ ಚೆನ್ನಾಗಿತ್ತಲ್ಲ ಎಂದರು. ನಾವಾಗಿದ್ದರೆ ಆಯ್ತು ಸಾರ್ ಎಂದು ತಲೆದೂಗಿ ಆ ಕಡೆ ತೂತು ಹೊಡೆದು ಈ ಕಡೆ ಮುಚ್ಚಿರುತ್ತಿದ್ದೆವು. ಮೇಡಂ, “ನಿನ್ನೆ ಹೇಳಿದ್ರೆ ಆಗ್ತಿತ್ತು ಸರ್. ಇವತ್ತು ಕಾರ್ಖಾನೇಲಿ ಉಕ್ಕು ಕತ್ತರಿಸ್ತಾ ಇದಾರೆ” ಎಂದರು. ದೊಡ್ಡ ಡಾಕ್ಟರಿಗೆ ಇಲ್ಲ ಎಂದವರನ್ನು ನಾನು ಮೊದಲ ಸಲ ನೋಡಿದ್ದು.

ಅರ್ಥವಾಗಿದ್ದು ಇಷ್ಟು. ನಾವು ಇಲ್ಲಿ ಪಾಯ ಅಗೆಯುವಾಗಲೇ ಅಲ್ಲಿ ಸೂರು ತಯಾರಾಗುತ್ತಿರುತ್ತದೆ. ಕೆಳಗಿನದು ಮುಗಿಯಲೆಂದು ಮೇಲಿನದು ಕಾಯುವುದಿಲ್ಲ. ಏಪ್ರಿಲ್ ಎನ್ನುವುದು ಸುಳ್ಳಲ್ಲ. ಆದರೆ ತಲೆಯಲ್ಲಿ ಮೊದಲೇ ಎಲ್ಲ ಕಟ್ಟಿ ಮುಗಿಸಿರಬೇಕು, ಆಮೇಲೆ ಮನಸ್ಸು ಬದಲಾಯಿಸುವ ಸುಖ ಇಲ್ಲ.

ಫೆಬ್ರುವರಿ 27, ಗುರುವಾರ

ಪಾಯ ಅಗೆಯುವಾಗ ಬಡಗಣ ಸಾಲಿನಲ್ಲಿ ಹಳೆಯ ಕೊಳವೆ ಸಿಕ್ಕಿತು. ಹಳೆ ಕಟ್ಟಡದ ಕೊಳಚೆ ಅದರಲ್ಲೇ ಹರಿಯುತ್ತದೆ. ಒಡೆದರೆ ಆಸ್ಪತ್ರೆಯೇ ಮೂಗು ಮುಚ್ಚಬೇಕು. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಪಾಯದ ಗೆರೆ ಹಿಡಿಯುವ ದಾರವನ್ನು ಮೂರು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಕಟ್ಟಿದೆವು. ಇಪ್ಪತ್ತು ವರ್ಷದಿಂದ ಹೀಗೆ ಎಷ್ಟು ಸರಿಸಿಲ್ಲ. ಮೇಲೆ ಹೋಗ್ತಾ ಸರಿಹೋಗುತ್ತೆ ಎಂದ. ಹೌದು ಎಂದೆ. ಕೊಳವೆಗೆ ನೋವಾಗದಂತೆ ಕಾಂಕ್ರೀಟು ಸುರಿದು, ಬೋಲ್ಟು ನಿಲ್ಲಿಸಿ, ಚಹಾ ಕುಡಿದೆವು. ಒಳ್ಳೆಯ ಕೆಲಸದ ದಿನ.

ಪಾಯ ಗಟ್ಟಿ, ಚಹಾ ಬಿಸಿ,
ಮೇಸ್ತ್ರಿ ಮುಖದಲ್ಲೂ ಒಂದಿಷ್ಟು ಖುಷಿ.

ಮಾರ್ಚ್ 12, ಬುಧವಾರ

ಇಂದು ಕಂಡದ್ದನ್ನು ಹೇಗೆ ಬರೆಯಲಿ?

ಆ ಕಾರ್ಖಾನೆ ನಮ್ಮ ಬಸ್ಸಿನ ದಾರಿಯಲ್ಲೇ ಇದೆ. ಅಕ್ಕ ಹಟ ಹಿಡಿದು ಮೊದಲ ಬಸ್ಸಿಗೆ ಹೊರಡಿಸಿ ನಡುದಾರಿಯಲ್ಲಿ ಇಳಿಸಿದಳು. ಮೇಡಂ ಅಲ್ಲೇ ಇದ್ದರು, ತಲೆಗೊಂದು ಹೆಲ್ಮೆಟ್ ಕೊಟ್ಟು ಒಳಗೆ ಬಿಟ್ಟರು. ಒಳಗೆ ಹೋದೆ, ನಿಂತುಬಿಟ್ಟೆ.

ಒಂದು ಸೂರಿನ ಕೆಳಗೆ ಎಂಟು ಕೋಣೆಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಬರೀ ಉಕ್ಕಿನ ಎಲುಬು. ಎರಡನೆಯದಕ್ಕೆ ನೆಲ ಬಂದಿತ್ತು. ಮೂರನೆಯದರ ಗೋಡೆಯೊಳಗೆ ಕೊಳವೆ, ತಂತಿಗಳು ನರಗಳ ಹಾಗೆ ಓಡುತ್ತಿದ್ದವು. ಐದನೆಯದಕ್ಕೆ ಗೋಡೆ ಮುಚ್ಚುತ್ತಿದ್ದರು. ಕೊನೆಯದರಲ್ಲಿ ದೀಪ ಉರಿಯುತ್ತಿತ್ತು. ಒಂದು ಕಟ್ಟಡದ ಬಾಲ್ಯದಿಂದ ಪ್ರಾಯದವರೆಗೆ ಎಲ್ಲ ವಯಸ್ಸೂ ಒಂದೇ ಹೊತ್ತಿಗೆ ನನ್ನೆದುರು ನಿಂತಿತ್ತು. ಬಿಸಿಲಿಲ್ಲ, ಧೂಳಿಲ್ಲ, ತಲೆ ಮೇಲೆ ಬಾಂಡಲಿ ಹೊತ್ತವರಿಲ್ಲ. ಗಾರೆಯವರು ಏಣಿ ಹತ್ತಿ ಮಾಡುವ ಕೆಲಸವನ್ನು ಇವರು ನೆಲದಲ್ಲಿ ನಿಂತೇ ಮಾಡುತ್ತಿದ್ದರು. ಚಾವಣಿಯನ್ನು ಪಕ್ಕದಲ್ಲಿ ಮೇಜಿನ ಎತ್ತರದಲ್ಲಿ ಜೋಡಿಸಿ ಆಮೇಲೆ ಎತ್ತಿಡುತ್ತಾರೆ. ಕತ್ತು ನೋಯಿಸಿಕೊಂಡು ಚಾವಣಿ ಗಿಲಾವು ಮಾಡಿದ ನಮ್ಮ ಮೇಸ್ತ್ರಿಯ ಕತ್ತು ನೆನಪಾಯಿತು.

ಅಕ್ಕ ಕೊನೆಯ ಕೋಣೆಗೆ ಹತ್ತಿ ನಲ್ಲಿ ತಿರುಗಿಸಿದಳು. ನೀರು ಬಂತು. ಊರಿಲ್ಲ, ಬೀದಿಯಿಲ್ಲ, ಕೆಳಗೆ ಪಾಯವಿಲ್ಲ, ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತ ಕೋಣೆಯಲ್ಲಿ ನೀರು ಬಂತು. ಸೋರುತ್ತದೋ ಇಲ್ಲವೋ ಎಂದು ಇಲ್ಲೇ ನೋಡಿ ಕಳಿಸುತ್ತಾರಂತೆ. ಅಕ್ಕ ಆ ನೀರಿನ ಕೆಳಗೆ ಕೈ ಹಿಡಿದು ತುಂಬ ಹೊತ್ತು ನಿಂತಳು. ಕುಡಿಯುವಂತಿಲ್ಲವಲ್ಲ, ಮುಟ್ಟುವುದಕ್ಕೆ ಅಳತೆಯಿಲ್ಲ.

ಕಿಟಕಿ ಮಾತ್ರ ಅವಳಿಗೆ ಹಿಡಿಸಲಿಲ್ಲ. ಮಲಗಿದವರಿಗೆ ಆಕಾಶ ಮಾತ್ರ ಕಾಣುತ್ತೆ, ಬೀದಿ ಕಾಣಲ್ಲ, ಇಳಿಸಿ ಎಂದಳು. ಆಗಲ್ಲ ಅಕ್ಕ ಎಂದರು ಮೇಡಂ. ಯಾಕಾಗಲ್ಲ? ಉಕ್ಕು ಕತ್ತರಿಸಿ ಆಯಿತು. ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, “ನನ್ನ ಶಾಲೇಲಿ ಇದ್ದಿದ್ರೆ ನಿನ್ನ ಕ್ಯಾಪ್ಟನ್ ಮಾಡ್ತಿದ್ದೆ” ಎಂದಳು.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಆದರೂ ಎದುರು ಸೀಟಿಗೆ ಹೋಗಿ ಕಾಲು ಚಾಚಲಿಲ್ಲ ನಾನು. ಅವಳಿಗೆ ಒರಗಲು ಏನಾದರೂ ಬೇಕಲ್ಲ.

ಮಾರ್ಚ್ 30, ಭಾನುವಾರ

ಪಾಯ ಮುಗಿದಿದೆ. ಮೇಸ್ತ್ರಿಯ ಕಡೆಯವರಿಗೆ ಕೆಲಸವೂ ಮುಗಿದಿದೆ. “ಹತ್ತು ತಿಂಗಳ ಊಟಾನ ಒಂದೇ ತಿಂಗಳಲ್ಲಿ ಬಡಿಸಿ ಎದ್ದೇಳಿ ಅಂದ್ರು” ಎಂದ. ನಗಲಿಲ್ಲ, ನನಗೂ ಪ್ರಾಸ ಹೊಳೆಯಲಿಲ್ಲ. ಕಾರ್ಖಾನೆಯಲ್ಲಿ ಟೈಲ್ಸ್ ಹಾಕುವವರು ಬೇಕೆಂದು ಮೇಡಂ ಅವನನ್ನು ಕರೆದಿದ್ದಾರೆ. ಸೂರಿನ ಕೆಳಗೆ ನಿಂತು ಕಟ್ಟುವುದು ಅಡುಗೆಯವರ ಕೆಲಸ, ಕಟ್ಟುವವನ ತಲೆ ಮೇಲೆ ಆಕಾಶ ಇರಬೇಕು ಎಂದನಂತೆ. ನನ್ನ ಬಳಿ ಮಾತ್ರ ಅಲ್ಲಿ ಫ್ಯಾನ್ ಇದೆಯಾ ಎಂದು ವಿಚಾರಿಸಿದ.

ಬೋಲ್ಟುಗಳು ಬರಿಯ ಪಾಯದ ಮೇಲೆ ಸಾಲಾಗಿ ನಿಂತು ಕಾಯುತ್ತಿವೆ. ಪಕ್ಕದ ಹೆರಿಗೆ ವಾರ್ಡಿನಿಂದ ಒಂದು ಮಗುವಿನ ಅಳು ಕೇಳಿಸಿತು. ಆಸ್ಪತ್ರೆಯ ಅಂಗಳದಲ್ಲೇ ಕಟ್ಟಡದ ಕೆಲಸ ನಡೆದೂ ಮಗುವಿನ ಅಳು ಕೇಳಿಸುವುದು ನನಗೆ ಹೊಸದು.

ಏಪ್ರಿಲ್ 10, ಗುರುವಾರ

ಭಾನುವಾರ ಕ್ರೇನು ಬರಬೇಕಿತ್ತು. ಬರುವುದಿಲ್ಲ.

ಮೇಡಂ ತಮ್ಮ ಯಂತ್ರ ನಿಲ್ಲಿಸಿ ಬೋಲ್ಟುಗಳನ್ನು ಒಂದೊಂದಾಗಿ ನೋಡಿದರು. ಬಡಗಣ ಸಾಲಿಗೆ ಬಂದಾಗ ಮತ್ತೆ ನೋಡಿದರು. ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದರು. ಆ ಹೊತ್ತಿಗೆ ನನ್ನ ಕಾಲ ಕೆಳಗಿನ ನೆಲ ಸರಿದಿತ್ತು, ಮೂರು ಬೆರಳಿನಷ್ಟು.

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಕೊಳವೆ ಸಿಕ್ತು ಅಂತ ಅವತ್ತೇ ಒಂದು ಫೋನ್ ಮಾಡಿದ್ರೆ ಪೆಟ್ಟಿಗೆ ತಳಾನೇ ಬದಲಾಯಿಸ್ತಿದ್ವಲ್ಲ ಸರ್. ಯಾಕೆ ಮಾಡ್ಲಿಲ್ಲ?”

ಮುಚ್ಚಿಟ್ಟದ್ದಲ್ಲ. ಹೇಳುವಂಥದ್ದೆಂದು ಅನ್ನಿಸಲೇ ಇಲ್ಲ. ನಮ್ಮ ಕೆಲಸದಲ್ಲಿ ಕೆಳಗಿನ ತಪ್ಪನ್ನು ಮೇಲಿನ ಸಾಲು ನುಂಗುತ್ತದೆ, ಮೇಲಿನದನ್ನು ಗಿಲಾವು ನುಂಗುತ್ತದೆ, ಉಳಿದದ್ದನ್ನು ಬಣ್ಣ ನುಂಗುತ್ತದೆ. ನುಂಗುವವರನ್ನೇ ನಂಬಿ ಬದುಕಿದವರು ನಾವು. ಈ ಪೆಟ್ಟಿಗೆ ಏನನ್ನೂ ನುಂಗುವುದಿಲ್ಲ. ಮೇಸ್ತ್ರಿ ತಾನೇ ದಾರ ಸರಿಸಿದ್ದು ಎಂದ, ತಲೆಯಾಡಿಸಿದ್ದು ನಾನಲ್ಲವೇ ಎಂದೆ ನಾನು. ಮೇಡಂ ಇಬ್ಬರಿಗೂ ಕೈ ಎತ್ತಿ ಸಾಕು ಎಂದರು.

ಎರಡು ಪೆಟ್ಟಿಗೆ ಕೂರುವುದಿಲ್ಲ. ಅವೆರಡು ಕೂರದೆ ಉಳಿದ ಆರೂ ಬರುವುದಿಲ್ಲ. ಆ ಬೋಲ್ಟು ಕತ್ತರಿಸಿ, ಪಕ್ಕದಲ್ಲಿ ತೂತು ಕೊರೆದು, ಅಂಟು ತುಂಬಿ ಹೊಸ ಬೋಲ್ಟು ನೆಡಬೇಕು. ಅವನ್ನು ಎಳೆದು ನೋಡಬೇಕು. ಅಷ್ಟರಲ್ಲಿ ಕ್ರೇನು ಬೇರೆ ಊರಿಗೆ ಹೋಗುತ್ತದೆ, ಮರಳುವುದು ಇಪ್ಪತ್ತೇಳಕ್ಕೆ. ಆಮೇಲೂ ಕೊಳವೆ, ತಂತಿ ಜೋಡಣೆ, ನೀರಿನ ಪರೀಕ್ಷೆ. ವಾರ್ಡು ತೆರೆಯುವುದು ಮೇ ನಡುವಿಗೆ.

ಅಕ್ಕನ ಬಳಿ ಮಾತ್ರ, ಕ್ರೇನು ಸಿಗಲಿಲ್ಲವಂತೆ, ಅದಕ್ಕೇ ತಡ ಎಂದೆ.

ಏಪ್ರಿಲ್ 19, ಶನಿವಾರ

ಬಸ್ಸು. ಅಕ್ಕ ಮಾತಾಡಲಿಲ್ಲ. ಐಸ್ ಚೂರು ಕರಗಿದ ಮೇಲೂ.

ಏಪ್ರಿಲ್ 23, ಬುಧವಾರ

ಹೊಸ ಬೋಲ್ಟುಗಳನ್ನು ನಿನ್ನೆ ಎಳೆದು ನೋಡಿದರು. ಒಂದು ಜಾಕನ್ನು ಬೋಲ್ಟಿಗೆ ಕಚ್ಚಿಸಿ ಮೇಲಕ್ಕೆ ಎಳೆಯುವುದು. ಅದರ ಮಾಪಕದ ಮುಳ್ಳು ಏರುತ್ತಾ ಹೋಯಿತು. ಎರಡು ಲಾರಿ ತೂಗುವಷ್ಟು ಎಳೆತ ಎಂದರು ಮೇಡಂ. ಹೆಬ್ಬೆರಳು ದಪ್ಪದ ಬೋಲ್ಟು, ಹಿಡಿದಿರುವುದು ಬರೀ ಅಂಟು. ಕೂದಲೆಳೆಯಷ್ಟೂ ಅಲುಗಲಿಲ್ಲ. ಮೇಸ್ತ್ರಿ ಅದರೆದುರು ಕುಕ್ಕರಗಾಲಲ್ಲಿ ಕೂತು, ದೊಡ್ಡವರ ಮನೆಯ ಮಗುವನ್ನು ಮುಟ್ಟುವವನಂತೆ ಒಂದು ಬೆರಳಿನಿಂದ ಮುಟ್ಟಿದ.

ಇಂದು ಬಸ್ಸಿನಲ್ಲಿ ಅಕ್ಕನಿಗೆ ಅದನ್ನು ವಿವರಿಸಿದೆ. ಯಾಕೆ ಹೊಸ ಬೋಲ್ಟು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿದ್ದೆ ಹೋದಳು. ನಿಲ್ದಾಣ ಬಂದರೂ ಕಂಡಕ್ಟರನಿಗೆ ಸ್ವಲ್ಪ ತಾಳಿ ಎಂದು ಕಣ್ಸನ್ನೆ ಮಾಡಿದೆ. ಅವನೂ ತಾಳಿದ.

ಏಪ್ರಿಲ್ 27, ಭಾನುವಾರ

ನಸುಕಿನಲ್ಲೇ ಬೀದಿ ಮುಚ್ಚಿದ್ದರು. ವಿದ್ಯುತ್ ಇಲಾಖೆಯವರು ತಂತಿಗಳನ್ನು ಕೋಲಿನಿಂದ ಎತ್ತಿ ಹಿಡಿದಿದ್ದರು. ಮೂಲೆಯ ಬೇಕರಿಯವನು ತನ್ನ ಅಂಗಡಿಯ ಮುಂದಿನ ತಗಡನ್ನು ಬಿಚ್ಚಿಟ್ಟು, ತಾನೂ ಕುರ್ಚಿ ಹಾಕಿಕೊಂಡು ಕೂತಿದ್ದ. ಇಷ್ಟಿದ್ದರೂ ಮೊದಲ ಲಾರಿ ಆ ತಿರುವಿನಲ್ಲಿ ಸಿಕ್ಕಿಕೊಂಡಿತು. ಕೋಣೆ ಎಷ್ಟು ಅಗಲ ಇರಬಹುದೆನ್ನುವುದನ್ನು ವೈದ್ಯರಲ್ಲ, ಬೀದಿಯ ತಿರುವೇ ತೀರ್ಮಾನಿಸುತ್ತದೆ ಎಂದು ಮೇಡಂ ಹೇಳಿದ್ದು ಆಗ ಅರ್ಥವಾಯಿತು. ಚಾಲಕ ಹಿಂದೆ ಬಂದ, ಮುಂದೆ ಹೋದ, ಮತ್ತೆ ಹಿಂದೆ ಬಂದ. ಬೇಕರಿಯ ಗೋಡೆಗೂ ನಮ್ಮ ವಾರ್ಡಿಗೂ ನಡುವೆ ಒಂದು ಬನ್ನು ತೂರಿಸುವಷ್ಟು ಜಾಗ ಉಳಿಯಿತು. ತಿರುಗಿತು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ಹಳೆ ಕಟ್ಟಡದ ಜಗಲಿಯಲ್ಲಿ ಹೆಂಡತಿಯ ಜೊತೆ ಕೂತಿದ್ದಳು.

ಕ್ರೇನು ಎತ್ತಿತು. ಕೋಣೆಯೊಂದು ನೆಲ ಬಿಟ್ಟಿತು. ಒಳಗೆ ಕೈತೊಳೆಯುವ ಬೇಸಿನ್ನು, ಅದರ ಮೇಲೊಂದು ಕನ್ನಡಿ, ಗೋಡೆಗೆ ಗಡಿಯಾರ ಹಾಕಲು ಮೊಳೆ. ಅದರ ಕಿಟಕಿಯ ಗಾಜಿನಲ್ಲಿ ನಮ್ಮ ಬೀದಿ, ಬೇಕರಿ, ತಲೆಯೆತ್ತಿ ಬಾಯಿ ತೆರೆದ ನಾವು ಎಲ್ಲರೂ ಒಂದು ಸುತ್ತು ತಿರುಗಿ ಹೋದೆವು. ಅಷ್ಟು ದೊಡ್ಡದು ಅಷ್ಟು ಮೆಲ್ಲಗೆ ಚಲಿಸಿದ್ದನ್ನು ನಾನು ನೋಡಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಹಗ್ಗ, ಹಗ್ಗಕ್ಕೊಬ್ಬ ಆಳು. ಕ್ರೇನಿನವನ ಬೆರಳುಗಳು ಹಿಡಿಕೆಯ ಮೇಲೆ ಅಲ್ಲಾಡಿದ್ದೂ ಕಾಣಲಿಲ್ಲ. ಯಾರೂ ಕೂಗಲಿಲ್ಲ. ಮೇಡಂ ಒಂದು ಕೈ ಎತ್ತಿ, ಬೆರಳು ಮಡಿಸುತ್ತಾ, ಕೋಣೆಯನ್ನು ಇಳಿಸಿದರು.

ಬಡಗಣ ಮೂಲೆಯಲ್ಲಿ ಮೇಸ್ತ್ರಿ ಕೂತಿದ್ದ. ಕೆಲಸವಿಲ್ಲದಿದ್ದರೂ ಬಂದಿದ್ದ. ಹೊಸ ಬೋಲ್ಟಿನ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೋಣೆ ಬೋಲ್ಟಿನ ತುದಿಗೆ ಬಂದು ಒಂದು ಗಳಿಗೆ ನಿಂತಿತು. ಆಮೇಲೆ ಬೋಲ್ಟಿನ ತಲೆ ತೂತಿನೊಳಗಿಂದ ಮೆಲ್ಲಗೆ ಮೇಲೆ ಬಂತು.

“ಕೂತ್ಕೊಂತು,” ಎಂದ ಮೇಸ್ತ್ರಿ.

ಬಹಳ ಹೊತ್ತು ಏಳಲಿಲ್ಲ.

ಒಂದಾದ ಮೇಲೊಂದು ಬಂದವು. ಬೆಳಿಗ್ಗೆ ಬರಿಯ ಕಾಂಕ್ರೀಟು ಇದ್ದಲ್ಲಿ ಮಧ್ಯಾಹ್ನ ಅರ್ಧ ಕಟ್ಟಡ, ಸಂಜೆಗೆ ಪೂರ್ತಿ. ಬೆಳಿಗ್ಗೆ ಆಸ್ಪತ್ರೆಗೆ ಬಂದು ಸಂಜೆ ಮನೆಗೆ ಹೊರಟ ಮುದುಕಿಯೊಬ್ಬಳು ದಾರಿ ತಪ್ಪಿದೆನೆಂದು ಗಾಬರಿಯಾದಳು. ನಾನು ಒಳಗೆ ಹೋಗಿ ಒಂದು ಕೋಣೆಗೂ ಇನ್ನೊಂದಕ್ಕೂ ನಡುವಿನ ಗೆರೆಯ ಮೇಲೆ ಕಾಲಿಟ್ಟು ನಿಂತೆ. ಒಂದು ಕಾಲು ಒಂದು ಲಾರಿಯಲ್ಲಿ ಬಂದ ನೆಲದ ಮೇಲೆ, ಇನ್ನೊಂದು ಕಾಲು ಬೇರೆ ಲಾರಿಯಲ್ಲಿ ಬಂದ ನೆಲದ ಮೇಲೆ. ರಸಮಟ್ಟ ಇಟ್ಟೆ. ಗುಳ್ಳೆ ನಡುವೆ ಬಂದು ನಿಂತಿತು.

ಪ್ರಾಸ ಹುಡುಕಿದೆ. ಬರಲಿಲ್ಲ. ಸುಸ್ತು ಇರಬೇಕು, ನಾಳೆ ನೋಡೋಣ.

ಮೇ 3, ಶನಿವಾರ

ಅಕ್ಕ ಬಸ್ಸು ಹತ್ತಲಿಲ್ಲ.

ಬೆಳಿಗ್ಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತೆ. ಹಾಸಿಗೆಯಲ್ಲೇ ಇದ್ದಳು. ಏಪ್ರಿಲ್ ಮುಗೀತು ಎಂದಳು. ವಾರ್ಡು ಎದ್ದು ನಿಂತಿದೆ, ನೀನೇ ನೋಡಿದೆ, ಇನ್ನೆರಡು ವಾರ ಎಂದೆ. ನಿಂತರೆ ಸಾಲದು, ನಡೀಬೇಕು ಎಂದಳು. ಅದು ನಿಜ. ಒಂದೇ ದಿನದಲ್ಲಿ ನಿಂತ ಕಟ್ಟಡ, ಕೊಳವೆಗೆ ಕೊಳವೆ ಸೇರದೆ, ತಂತಿಗೆ ತಂತಿ ಸೇರದೆ, ಯಂತ್ರಕ್ಕೆ ಬೇಕಾದ ಶುದ್ಧ ನೀರಿನ ಪರೀಕ್ಷೆ ಮುಗಿಯದೆ ಸುಮ್ಮನೆ ನಿಂತಿದೆ. ಗುರುವಾರದ ಮಳೆಗೆ ಎರಡು ಪೆಟ್ಟಿಗೆಗಳ ಸಂದಿಯಲ್ಲಿ ಹನಿಯೂ ಬಿತ್ತು. ಮೇಡಂ ಸೂರಿನ ಮೇಲೆ ಕೂತು ಅದನ್ನು ಮುಚ್ಚಿಸುತ್ತಿದ್ದಾರೆ. ಎಂಟು ಕೋಣೆ ಜೋಡಿಸಿದರೆ ಏಳು ಸಂದಿಗಳನ್ನೂ ಜೊತೆಗೆ ತಂದ ಹಾಗೆ.

ಹೆಂಡತಿ ಅತ್ತು ಕೇಳಿದಳು. ಅಕ್ಕ ಅವಳ ಕೈ ಹಿಡಿದು ಸವರಿದಳು. ಹೊರಡಲಿಲ್ಲ.

ಮೇ 4, ಭಾನುವಾರ

ಅಕ್ಕನ ಮುಖ ಊದಿದೆ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಾಳೆ.

ಸಂಜೆ ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಡಿಗೆ ಕರೆದೊಯ್ದೆ. ಅವಳು ಬೇಡವೆನ್ನಲಿಲ್ಲ, ವಾದಿಸಲು ಉಸಿರಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಯಂತ್ರಗಳು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು. ಬಡಗಣ ಮೂಲೆಗೆ ಕರೆದುಕೊಂಡು ಹೋಗಿ, ನೆಲ ತೋರಿಸಿ, ಹೇಳಿಬಿಟ್ಟೆ. ಕ್ರೇನು ಸಿಗದೆ ತಡವಾಗಿದ್ದಲ್ಲ. ಕೊಳವೆ ಸಿಕ್ಕಿತು, ದಾರ ಸರಿಸಿದೆ, ಯಾರಿಗೂ ಹೇಳಲಿಲ್ಲ, ಇಲ್ಲದಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ನೀನು ಇಲ್ಲಿ ಮಲಗಿರುತ್ತಿದ್ದೆ.

ಅಕ್ಕ ನೆಲವನ್ನೇ ನೋಡುತ್ತಿದ್ದಳು. ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ನಗಲು ಉಸಿರು ಸಾಲದೆ ಕುರ್ಚಿಯ ಕೈ ಹಿಡಿದುಕೊಂಡು ನಗುತ್ತಿದ್ದಳು.

“ಎಷ್ಟು ಸರಿಸ್ದೆ?”

“ಮೂರು ಬೆರಳು.”

“ನೀನು ಸಾಲು ತಪ್ಪಿದ್ದಕ್ಕೆ ನಾನ್ಯಾಕೋ ಸಾಯ್ಲಿ?” ಎಂದಳು. ಉಸಿರು ತೆಗೆದುಕೊಂಡಳು. “ನಾಳೆ ಮೊದಲ್ನೇ ಬಸ್ಸು ಎಷ್ಟಕ್ಕೆ?”

ಮೇ 5, ಸೋಮವಾರ

ಬಸ್ಸಿಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಯ ಆಂಬುಲೆನ್ಸಿನಲ್ಲೇ ಹೋದೆವು. ಡಾಕ್ಟರು ನನ್ನನ್ನು ಬೈದರು. ಯಂತ್ರ ಅವಳೊಳಗಿಂದ ನೀರು ತೆಗೆಯುತ್ತಾ ಹೋಯಿತು. ಕಾಲು, ಕೈ, ಕೊನೆಗೆ ಮುಖ, ಒಂದೊಂದಾಗಿ ಅಕ್ಕ ವಾಪಸು ಬಂದಳು. ಬರುವಾಗ ಬಸ್ಸು. ಕಿಟಕಿ ಮುಚ್ಚಲು ಬಲಗೈ ಬೇಕಿತ್ತು, ಬಲ ಭುಜದ ಮೇಲೆ ಅವಳ ತಲೆಯಿತ್ತು. ಗಾಳಿ ಬೀಸಿಕೊಳ್ಳಲಿ ಎಂದು ಬಿಟ್ಟೆ.

ಮೇ 14, ಬುಧವಾರ

ವಾರ್ಡು ತೆರೆಯಿತು. ಅಕ್ಕ ಎರಡನೆಯ ಹಾಸಿಗೆ. ಮೊದಲನೆಯದನ್ನು ಅವಳೇ ಒಬ್ಬ ಚಿಕ್ಕ ಹುಡುಗಿಗೆ ಬಿಟ್ಟುಕೊಟ್ಟಳು.

ಆ ಕೊಳವೆಯಲ್ಲಿ ಅಕ್ಕನ ರಕ್ತ ಹೊರಗೆ ಹೋಗಿ ತೊಳೆದು ವಾಪಸು ಬರುವುದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಇಂದು ಮೊದಲ ಸಲ ನೋಡಿದ ಹಾಗಾಯಿತು. ಅದಕ್ಕೆ ನೀರು ಕೊಡುವ ಕೊಳವೆ ಗೋಡೆಯೊಳಗೆ ಎಲ್ಲಿ ಓಡುತ್ತದೆಂದು ನನಗೆ ಗೊತ್ತು. ಮೂರನೆಯ ಪೆಟ್ಟಿಗೆಯಿಂದ ನಾಲ್ಕನೆಯದಕ್ಕೆ ಎಲ್ಲಿ ಸೇರುತ್ತದೆಂದು ಗೊತ್ತು. ಲಾರಿ, ತಿರುವು, ಕ್ರೇನು, ಬೋಲ್ಟು ಎಲ್ಲ ಅವಳ ತೋಳಿನಲ್ಲಿ ಸಣ್ಣಗೆ ಮಿಡಿಯುತ್ತಿದ್ದವು. ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಪಕ್ಕದಲ್ಲಿ ಮೇಸ್ತ್ರಿ, ಎದೆಯ ಮೇಲೆ ಕಾರ್ಖಾನೆಯ ಗುರುತುಚೀಟಿ. ಫ್ಯಾನ್ ಇದೆಯಂತೆ.

ಮುಗಿದಾಗ ಅಕ್ಕ ಎದ್ದು, ಕೂದಲು ಸರಿಮಾಡಿಕೊಂಡು, ನನ್ನ ಕೈ ಬೇಡವೆಂದು ನಡೆದೇ ಮನೆಗೆ ಬಂದಳು. ಬಂದು ಊಟ ಮಾಡಿದಳು. ಯಂತ್ರಕ್ಕೆ ಹೋಗಿಬಂದ ದಿನ ಅವಳು ಊಟ ಮಾಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಮೇ 24, ಶನಿವಾರ

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಇನ್ನೂ ಎದ್ದು ಹೋಗದ ಮಹಾಜನಗಳೇ, ವಂದನಾರ್ಪಣೆಯ ಹೊತ್ತು. ವಾರ್ಡು ನಡೆಯುತ್ತಿದೆ. ಸಂದಿಗಳು ಸೋರುತ್ತಿಲ್ಲ. ಇನ್ನೆರಡು ಪೆಟ್ಟಿಗೆ ತಂದು ಪಕ್ಕಕ್ಕೆ ಸೇರಿಸುವ ಮಾತು ಕೇಳಿಬರುತ್ತಿದೆ. ಅಕ್ಕ ಇನ್ನು ನಿಲ್ಲಿಸುವ ಮಾತೆತ್ತುವುದಿಲ್ಲ. ಅಲ್ಲಿಯ ನರ್ಸುಗಳಿಗೆ ಬೆನ್ನು ನೋವಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಾಳೆ, ತಪ್ಪಿದರೆ ಬೈಯುತ್ತಿದ್ದಾಳೆ. ಇಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರೆ ಗೇಟಿನಲ್ಲಿ ತಿರುಗಿ ನಿಂತು, “ಎಲ್ಲಿಗೆ? ಕೆಲಸ ಇಲ್ವಾ ನಿಂಗೆ?” ಎಂದಳು. ಒಬ್ಬಳೇ ಹೋದಳು. ಬೀದಿಯ ಕೊನೆಯವರೆಗೆ ನೋಡಿದೆ, ಎಲ್ಲೂ ನಿಂತು ಉಸಿರು ತೆಗೆದುಕೊಳ್ಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಶನಿವಾರ ಪೂರ್ತಿ ಕೆಲಸ ಮಾಡಿದೆ. ಆದ್ದರಿಂದ ಈ ಶುಭ ಸಂದರ್ಭದಲ್ಲಿ, ಕಟ್ಟಡಕ್ಕೂ, ಕಟ್ಟಿದವರಿಗೂ, ಕ್ರೇನಿಗೂ

ಇಲ್ಲಿ ಯಾವ ಸಭೆಯೂ ಇಲ್ಲ. ಯಾರೂ ಕೂತಿಲ್ಲ. ಅಕ್ಕ ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ನನಗೆ ಅದಕ್ಕಿಂತ ಬೇರೇನೂ ಬೇಡ. ಆದರೂ ಆ ಬಸ್ಸಿನಲ್ಲಿ ಮೂರು ಗಂಟೆ ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಇನ್ನು ಮಲಗುವುದಿಲ್ಲ. ಅದಕ್ಕೇ ಅಳುತ್ತಾ ಕೂತಿದ್ದೇನೆ.